ಗಂಡ ಸಹಿ ಹಾಕದಿದ್ದರೆ ಗ್ರೀನ್ ಕಾರ್ಡ್ ಹೋಗುತ್ತಾ?

ಪ್ರಶ್ನೆ: ನಾನು ಹಾಸನದ ಹತ್ತಿರದ ಊರಿನವಳು. ಮದುವೆ ಊರಲ್ಲೇ ಆಯಿತು. ಗಂಡ ಅಮೆರಿಕದ ಸಿಟಿಜನ್. ಮದುವೆಯಾಗಿ ಹದಿನಾಲ್ಕು ತಿಂಗಳಿಗೆ ವೀಸಾ ಬಂತು, ಡಲ್ಲಾಸ್ ಹತ್ತಿರ ಬಂದು ಸೇರಿದೆ. ಎರಡು ವರ್ಷದ ಗ್ರೀನ್ ಕಾರ್ಡ್ ಸಿಕ್ಕಿತು. ಅದು ಮುಗಿಯಲು ಇನ್ನು ಐದು ತಿಂಗಳಿದೆ. ನಾಲ್ಕು ತಿಂಗಳಿಂದ ನಾನು ಗೆಳತಿಯ ಮನೆಯಲ್ಲಿದ್ದೇನೆ. ಗಂಡ ಡೈವೋರ್ಸ್‌ಗೆ ಹಾಕಿದ್ದಾರೆ. "ನಾನು ಸಹಿ ಹಾಕಲ್ಲ, ಇಮಿಗ್ರೇಶನ್‌ಗೆ ಬರೆದು ನಿನ್ನ ಕಾರ್ಡ್ ಕ್ಯಾನ್ಸಲ್ ಮಾಡಿಸ್ತೀನಿ" ಅಂತಾರೆ. ಸಹಿ ಬೇಕಿದ್ದರೆ ಒಡವೆ ವಾಪಸ್ ಕೇಳಬಾರದು ಎಂದು ಅತ್ತೆ ಹೇಳಿ ಕಳಿಸಿದ್ದಾರೆ. ನನ್ನ ಪಾಸ್‌ಪೋರ್ಟ್, ಕಾರ್ಡ್ ಎರಡೂ ಅವರ ಹತ್ತಿರವೇ ಇವೆ. ಅಮ್ಮ ದಿನಾ ಫೋನ್ ಮಾಡಿ, "ಕಾಲು ಹಿಡಿದಾದರೂ ಸಹಿ ಹಾಕಿಸಿಕೋ" ಅಂತಾಳೆ. ನಾನು ಇಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಊರಿಗೆ ವಾಪಸ್ ಹೋಗಲೇಬೇಕಾ?

ಉತ್ತರ: ಬೇಕಿಲ್ಲ. ನಿಮ್ಮ ಗಂಡನಿಗೆ ನಿಮ್ಮ ಗ್ರೀನ್ ಕಾರ್ಡ್ ಕ್ಯಾನ್ಸಲ್ ಮಾಡುವ ಅಧಿಕಾರ ಇಲ್ಲ. ಅವರ ಸಹಿ ಇಲ್ಲದೆಯೂ ಅದನ್ನು ಉಳಿಸಿಕೊಳ್ಳಲು ಕಾನೂನಿನಲ್ಲೇ ದಾರಿ ಇದೆ. ಮೊದಲು ಇಷ್ಟನ್ನು ಮನಸ್ಸಿಗೆ ತಂದುಕೊಂಡು, ಒಂದು ಲೋಟ ನೀರು ಕುಡಿದು, ಮುಂದಕ್ಕೆ ಓದಿ.

ಈ ಹೆದರಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಮ್ಮವರಲ್ಲಿ ಜಾಸ್ತಿ ಜನ ಇಲ್ಲಿಗೆ ಬರುವುದು ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ, ಹೆಂಡತಿ ಬರುವುದು ಎಚ್-4 ಎಂಬ ಅವಲಂಬಿತರ ವೀಸಾ ಮೇಲೆ. ಎಚ್-4 ನಿಜಕ್ಕೂ ಗಂಡನ ವೀಸಾಕ್ಕೆ ಕಟ್ಟಿದ ಬಳ್ಳಿ. ಡೈವೋರ್ಸ್ ಆದ ದಿನ ಅದೂ ಮುಗಿಯುತ್ತದೆ. ಆ ಕಥೆಗಳನ್ನು ಕೇಳಿ ಕೇಳಿ, ಗ್ರೀನ್ ಕಾರ್ಡೂ ಹಾಗೇ ಅಂತ ಎಲ್ಲರೂ ನಂಬಿಬಿಟ್ಟಿದ್ದಾರೆ. ಹಾಗಲ್ಲ. ಗಂಡ ಹಾಕಿದ್ದ ಅರ್ಜಿ ನಿಮಗೆ ಕಾರ್ಡ್ ಸಿಕ್ಕ ದಿನವೇ ತನ್ನ ಕೆಲಸ ಮುಗಿಸಿತು. ಈಗ ಅವರು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಕಾರ್ಡ್ ನಿಮ್ಮ ಹೆಸರಿನದು, ನಿಮ್ಮದೇ.

ನಿಮ್ಮ ಕಾರ್ಡಿಗೆ ಒಂದು ಷರತ್ತು ಇದೆ, ಅಷ್ಟೆ. 1986ರಲ್ಲಿ ಸುಳ್ಳು ಮದುವೆಗಳನ್ನು ತಡೆಯಲು ಅಮೆರಿಕದ ಕಾಂಗ್ರೆಸ್ ಒಂದು ಕಾನೂನು ತಂದಿತು. ಕಾರ್ಡ್ ಸಿಗುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ, ಎರಡು ವರ್ಷದ ಷರತ್ತಿನ ಕಾರ್ಡ್ ಮಾತ್ರ ಕೊಡುತ್ತಾರೆ. ಆ ಷರತ್ತಿನ ಗುರುತಾಗಿ ನಿಮ್ಮ ಕಾರ್ಡಿನಲ್ಲಿ ಸಿಆರ್1 ಎಂದು ಇರುತ್ತದೆ. ಈಗ ನಿಮ್ಮ ಮದುವೆಗೆ ಎರಡೂವರೆ ವರ್ಷ ದಾಟಿದೆ. ಆದರೆ ಲೆಕ್ಕಕ್ಕೆ ಬರುವುದು ನೀವು ಇಲ್ಲಿ ಬಂದಿಳಿದ ದಿನ. ಇದೇ ಪರಿಸ್ಥಿತಿಯಲ್ಲಿದ್ದು, ಹತ್ತು ವರ್ಷದ ಕಾರ್ಡ್ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವರಿಗೆ ಈ ಷರತ್ತೇ ಇಲ್ಲ. ಡೈವೋರ್ಸ್ ಆದರೂ ಕಾರ್ಡ್ ಹಾಗೇ ಇರುತ್ತದೆ. ಅದನ್ನು ರಿನ್ಯೂ ಮಾಡುವಾಗಲೂ ಮದುವೆ ಉಳಿದಿದೆಯಾ ಅಂತ ಯಾರೂ ಕೇಳುವುದಿಲ್ಲ.

ಷರತ್ತು ತೆಗೆಸಲು ಹಾಕುವ ಫಾರ್ಮ್ ಐ-751. ಸಾಮಾನ್ಯವಾಗಿ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ, ಕಾರ್ಡ್ ಮುಗಿಯುವ ಮುಂಚಿನ 90 ದಿನಗಳಲ್ಲಿ ಕಳಿಸುತ್ತಾರೆ. ನಿಮ್ಮ ಗಂಡ ಹಾಕಲ್ಲ ಅನ್ನುತ್ತಿರುವ ಸಹಿ ಇದೇ. ಆದರೆ ಅದೇ ಫಾರ್ಮಿನಲ್ಲಿ ಒಬ್ಬರೇ ಹಾಕುವವರಿಗೆ ಬೇರೆ ಚೌಕಗಳಿವೆ. ಇದನ್ನು ವೇವರ್, ಅಂದರೆ ಇಬ್ಬರೂ ಸಹಿ ಹಾಕಬೇಕೆಂಬ ನಿಯಮದಿಂದ ವಿನಾಯಿತಿ, ಅನ್ನುತ್ತಾರೆ. ನಿಜವಾದ ನಂಬಿಕೆಯಿಂದ ಮದುವೆಯಾದೆ, ಆದರೆ ಡೈವೋರ್ಸ್ ಆಯಿತು ಎನ್ನುವುದು ಒಂದು. ಗಂಡ ಹೊಡೆದ, ಅಥವಾ ಕ್ರೂರವಾಗಿ ನಡೆಸಿಕೊಂಡ ಎನ್ನುವುದು ಇನ್ನೊಂದು. ದೇಶ ಬಿಟ್ಟು ಹೋದರೆ ತಡೆಯಲಾಗದ ಕಷ್ಟ ಆಗುತ್ತದೆ ಎನ್ನುವುದು ಮತ್ತೊಂದು. ಒಂದಕ್ಕಿಂತ ಜಾಸ್ತಿ ಚೌಕಕ್ಕೆ ಟಿಕ್ ಹಾಕಬಹುದು. ವೇವರ್‌ಗೆ 90 ದಿನದ ಆ ಕಟ್ಟು ಇಲ್ಲ. ಮುಂಚೆಯೂ ಹಾಕಬಹುದು, ತಡವಾದರೂ ಹಾಕಬಹುದು. ನಿಮಗೆ ಮಾತ್ರ ನನ್ನ ಸಲಹೆ ಒಂದೇ: ಕಾರ್ಡ್ ಮುಗಿಯುವ ದಿನ ದಾಟಲು ಬಿಡಬೇಡಿ.

ಇಲ್ಲಿ ಇಮಿಗ್ರೇಶನ್‌ನವರು ನೋಡುವುದು ಒಂದೇ ವಿಷಯ. ಮದುವೆಯಾಗುವಾಗ ನೀವು ಜೊತೆಗೆ ಬಾಳುವ ಮನಸ್ಸಿನಿಂದ ಮದುವೆಯಾದಿರಾ? ಮದುವೆ ಎಷ್ಟು ದಿನ ಉಳಿಯಿತು, ಯಾರ ತಪ್ಪಿನಿಂದ ಮುರಿಯಿತು, ಇದೆಲ್ಲ ಆ ಮೊದಲಿನ ಮನಸ್ಸನ್ನು ತಿಳಿಯಲು ಮಾತ್ರ. 1975ರಲ್ಲೇ ಬಾರ್ಕ್ ಎಂಬ ಪ್ರಕರಣದಲ್ಲಿ ಅಮೆರಿಕದ ಒಂದು ಮೇಲ್ಮನವಿ ಕೋರ್ಟು ಇದನ್ನು ಹೇಳಿದೆ: ಆಮೇಲೆ ಬೇರೆಯಾದರು ಎಂಬ ಒಂದೇ ಕಾರಣಕ್ಕೆ ಮದುವೆ ಸುಳ್ಳಾಗುವುದಿಲ್ಲ. ಮೊದಲು ಡೈವೋರ್ಸ್ ಯಾರು ಹಾಕಿದರು ಎಂಬುದಕ್ಕೂ ಬೆಲೆ ಇತ್ತು. ವಲಸೆ ಬಂದವರೇ ಹಾಕಿರಬೇಕು, ಅದಕ್ಕೆ ತಕ್ಕ ಕಾರಣ ಇರಬೇಕು ಅಂತಿತ್ತು. 1990ರಲ್ಲಿ ಅದನ್ನು ತೆಗೆದರು. ಹಾಗಾಗಿ ನಿಮ್ಮ ಗಂಡನೇ ಕೋರ್ಟಿಗೆ ಹೋಗಿದ್ದಾರೆ ಎಂಬುದು ನಿಮಗೆ ತೊಂದರೆಯಲ್ಲ. ಸಮಯದ ದೃಷ್ಟಿಯಿಂದ ಅನುಕೂಲವೇ.

ಯಾಕೆ ಅಂದರೆ ಡೈವೋರ್ಸ್ ವೇವರ್‌ಗೆ ಕೊನೆಯ ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ತೀರ್ಪು, ಬೇಕು. ಬೇರೆ ಇದ್ದೇವೆ ಅನ್ನುವುದು ಸಾಲದು. ಟೆಕ್ಸಸ್‌ನಲ್ಲಿ ಅರ್ಜಿ ಹಾಕಿದ ಮೇಲೆ ಕನಿಷ್ಠ 60 ದಿನ ಕಾಯಬೇಕು. ಇಬ್ಬರೂ ಒಪ್ಪಿದರೆ ನಿಮ್ಮ ಐದು ತಿಂಗಳೊಳಗೆ ಮುಗಿಯಬಹುದು. ಒಡವೆ, ದುಡ್ಡು ಅಂತ ಜಗಳ ಬಿದ್ದರೆ ಎಳೆಯುತ್ತದೆ. ಎಳೆದರೆ ಡಿಕ್ರಿಗಾಗಿ ಕಾಯುತ್ತಾ ಕೂರಬೇಡಿ. ಕೇಸ್ ನಡೆಯುತ್ತಿದೆ ಎಂಬ ದಾಖಲೆ ಇಟ್ಟು ಅರ್ಜಿ ಹಾಕಿ. ಅವರು ಆಮೇಲೆ ಡಿಕ್ರಿ ಕಳಿಸಿ ಅಂತ ಪತ್ರ ಬರೆಯುತ್ತಾರೆ. ಆ ಪತ್ರದಲ್ಲಿ ಕೊಟ್ಟ ಗಡುವಿನೊಳಗೆ ಡಿಕ್ರಿ ತಲುಪಬೇಕು. ಫೀ 2024ರ ಏಪ್ರಿಲ್‌ನಿಂದ 750 ಡಾಲರ್ ಇದೆ, ಕಟ್ಟುವ ದಿನ ಇಮಿಗ್ರೇಶನ್ ಇಲಾಖೆಯ ಜಾಲತಾಣದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ಕಟ್ಟುವ ಶಕ್ತಿ ಇಲ್ಲದವರು ಐ-912 ಫಾರ್ಮ್ ಹಾಕಿ ವಿನಾಯಿತಿ ಕೇಳಬಹುದು. ಅರ್ಜಿ ತಲುಪಿದ ಮೇಲೆ ರಸೀದಿ ಬರುತ್ತದೆ. 2023ರ ಜನವರಿಯಿಂದ ಆ ರಸೀದಿ ನಿಮ್ಮ ಕಾರ್ಡಿನ ಅವಧಿಯನ್ನು 48 ತಿಂಗಳು ಮುಂದಕ್ಕೆ ಹಾಕುತ್ತಿದೆ. ಕಾರ್ಡ್ ಮತ್ತು ರಸೀದಿ ಎರಡೂ ಸೇರಿ ಕೆಲಸಕ್ಕೂ ಆಗುತ್ತದೆ, ಪ್ರಯಾಣಕ್ಕೂ ಆಗುತ್ತದೆ.

ಈಗ ಡೈವೋರ್ಸ್ ಕಾಗದದ ಬಗ್ಗೆ ಒಂದು ಎಚ್ಚರಿಕೆ. ಇದರಲ್ಲಿ ಎಡವಿದವರನ್ನು ನಾನು ನೋಡಿದ್ದೇನೆ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಗಂಡನ ಕಡೆಯವರು ಕೊಟ್ಟ ಅರ್ಜಿಯನ್ನು ಒಂದೊಂದು ಸಾಲೂ ಓದಿ. "ಈಕೆ ಗ್ರೀನ್ ಕಾರ್ಡಿಗಾಗಿ ಮೋಸದಿಂದ ಮದುವೆಯಾದಳು" ಅಂತ ಎಲ್ಲಾದರೂ ಬರೆದಿದ್ದರೆ, ಅಥವಾ ಡೈವೋರ್ಸ್ ಬದಲು ಮದುವೆಯನ್ನೇ ರದ್ದು ಮಾಡಿ ಅಂತ ಕೇಳಿದ್ದರೆ, ಸುಮ್ನೆ ಕೂರಬೇಡಿ. ನೀವು ಉತ್ತರ ಕೊಡದಿದ್ದರೆ ಅವರು ಬರೆದದ್ದೇ ತೀರ್ಪಾಗಿ ಹೊರಬರಬಹುದು. ಆ ತೀರ್ಪು ನಿಮ್ಮ ಇಮಿಗ್ರೇಶನ್ ಫೈಲಿಗೂ ಸೇರುತ್ತದೆ. ಟೆಕ್ಸಸ್‌ನಲ್ಲಿ ಕಾಗದ ನಿಮ್ಮ ಕೈಗೆ ಬಂದ ದಿನದಿಂದ 20 ದಿನ ಕಳೆದು ಬರುವ ಸೋಮವಾರ ಬೆಳಿಗ್ಗೆ 10 ಗಂಟೆಯೊಳಗೆ ಉತ್ತರ ಸಲ್ಲಿಸಬೇಕು. ನಿಮಗೆ ಕಾಗದ ಬಂದು ಎಷ್ಟು ದಿನವಾಯಿತು ಅಂತ ನೀವು ಬರೆದಿಲ್ಲ. ಇವತ್ತೇ ಕ್ಯಾಲೆಂಡರ್ ನೋಡಿ. "ನಾವು ಬೇರೆಯಾಗುತ್ತಿದ್ದೇವೆ, ಹೊಂದಿಕೆ ಆಗಲಿಲ್ಲ" ಎಂಬ ಸಾಮಾನ್ಯ ಡೈವೋರ್ಸ್ ನಿಮಗೆ ತೊಂದರೆ ಮಾಡುವುದಿಲ್ಲ. ಮೋಸ ಎಂಬ ಪದ ಮಾತ್ರ ಡಿಕ್ರಿಯಲ್ಲಿ ಬರಕೂಡದು.

ಇನ್ನು ಸಾಕ್ಷಿ. ವೇವರ್ ನಿಲ್ಲುವುದು ಬೀಳುವುದು ಇದರ ಮೇಲೆ.

ಒಬ್ಬ ಹೆಣ್ಣುಮಗಳು ನನ್ನ ಆಫೀಸಿಗೆ ಬಂದಾಗ "ನನ್ನ ಹತ್ರ ಏನೂ ಇಲ್ಲ ಮೇಡಂ, ಎಲ್ಲಾ ಅವರ ಹೆಸರಲ್ಲೇ" ಅಂದಳು. ಕೈಯಲ್ಲಿ ಸೀರೆಯ ರಟ್ಟಿನ ಡಬ್ಬ ಇತ್ತು. ಮೇಜಿನ ಮೇಲೆ ಸುರಿದೆವು. ಲಗ್ನಪತ್ರಿಕೆ, ಕಲ್ಯಾಣ ಮಂಟಪದ ರಸೀದಿ, ಧಾರೆಯ ಫೋಟೋಗಳು ಮೇಲೆ ಬಿದ್ದವು. ಅವಳು ಅವನ್ನೇ ಮುಂದೆ ಮುಂದೆ ತಳ್ಳುತ್ತಿದ್ದಳು. ಕೆಳಗೆ ಸಿಕ್ಕಿದ್ದು ಹಲ್ಲಿನ ಡಾಕ್ಟರ ಹತ್ತಿರ ತುಂಬಿದ್ದ ಒಂದು ಫಾರ್ಮಿನ ಪ್ರತಿ. ತುರ್ತು ಬಂದರೆ ಯಾರಿಗೆ ಫೋನ್ ಮಾಡಬೇಕು ಎಂಬಲ್ಲಿ ಗಂಡನ ಹೆಸರು, ನಂಬರು, ಅವಳದೇ ದುಂಡು ಅಕ್ಷರದಲ್ಲಿ. ಅಪಾರ್ಟ್‌ಮೆಂಟಿನವರು ಜಿರಳೆ ಔಷಧಿ ಹೊಡೆಯುತ್ತೇವೆ ಎಂದು ಬಾಗಿಲಿಗೆ ಅಂಟಿಸಿದ್ದ ಚೀಟಿ, ಇಬ್ಬರ ಹೆಸರಿಗೂ. ಕಾರ್ ಇನ್ಶೂರೆನ್ಸ್ ಕಾರ್ಡು, ಅದರಲ್ಲಿ ಇಬ್ಬರೂ ಡ್ರೈವರ್‌ಗಳು. ಅವುಗಳನ್ನು ತಾರೀಕಿನ ಪ್ರಕಾರ ಜೋಡಿಸಿಟ್ಟಾಗ ಒಂದು ಸಂಸಾರ ಕಣ್ಣಿಗೆ ಕಂಡಿತು. ಅವಳು ಅದನ್ನು ನೋಡುತ್ತಾ ಅತ್ತಳು. ಅವಳಿಗೆ ಷರತ್ತಿಲ್ಲದ ಕಾರ್ಡ್ ಬಂತು.

ಮದುವೆ ಫೋಟೋ ಬೇಡ ಅನ್ನುತ್ತಿಲ್ಲ. ಹತ್ತು ಸಾಕು. ಅಧಿಕಾರಿಗೆ ಬೇಕಾದದ್ದು ಮದುವೆಯ ಆಮೇಲಿನ ದಿನಗಳು. ಇಬ್ಬರ ಹೆಸರಿನ ಬಾಡಿಗೆ ಕರಾರು, ಜಂಟಿ ಖಾತೆಯ ಸ್ಟೇಟ್‌ಮೆಂಟ್, ಗಂಡನ ಕಂಪನಿಯ ಹೆಲ್ತ್ ಇನ್ಶೂರೆನ್ಸ್‌ನಲ್ಲಿ ನಿಮ್ಮ ಹೆಸರು, ಒಟ್ಟಿಗೆ ಮಾಡಿದ ಪ್ರಯಾಣದ ಟಿಕೆಟ್. ಜಂಟಿ ಖಾತೆಯಲ್ಲಿ ಬರೀ ನೂರು ಡಾಲರ್ ಇಟ್ಟು ಮುಟ್ಟದೆ ಬಿಟ್ಟಿದ್ದರೆ ಅದಕ್ಕೆ ತೂಕ ಕಡಿಮೆ. ದಿನಸಿ, ಕರೆಂಟ್ ಬಿಲ್ ಅದೇ ಖಾತೆಯಿಂದ ಹೋಗಿದ್ದರೆ ತೂಕ ಜಾಸ್ತಿ. ನೀವು ಹಾಸನದಲ್ಲಿ ವೀಸಾಕ್ಕೆ ಕಾದ ಹದಿನಾಲ್ಕು ತಿಂಗಳನ್ನು ಮರೆಯಬೇಡಿ. ಆ ದಿನಗಳ ವಾಟ್ಸಾಪ್ ಮಾತು, ಕಾಲ್ ದಾಖಲೆ, ಅವರು ನಿಮ್ಮನ್ನು ನೋಡಲು ಬಂದಿದ್ದರೆ ಅದರ ಗುರುತು, ಹಬ್ಬಕ್ಕೆ ಅವರ ಮನೆಯವರ ಜೊತೆ ಇದ್ದ ಫೋಟೋ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹಳೆಯ ಫೋನ್ ಇದ್ದರೆ ಯಾರಿಗೂ ಕೊಡಬೇಡಿ.

ಕಾಗದಗಳೆಲ್ಲ ಗಂಡನ ಮನೆಯಲ್ಲೇ ಉಳಿದಿವೆ ಅಂತ ಕೈಚೆಲ್ಲಬೇಕಿಲ್ಲ. ಜಂಟಿಯಾಗಿ ಟ್ಯಾಕ್ಸ್ ಕಟ್ಟಿದ್ದರೆ ಅದರ ಟ್ರಾನ್ಸ್‌ಕ್ರಿಪ್ಟ್ ಐಆರ್‌ಎಸ್‌ನಿಂದ ನೀವೇ ಉಚಿತವಾಗಿ ಪಡೆಯಬಹುದು, ಗಂಡನನ್ನು ಕೇಳಬೇಕಿಲ್ಲ. ಜಂಟಿ ಖಾತೆಯಲ್ಲಿ ನಿಮ್ಮ ಹೆಸರಿದ್ದರೆ ಬ್ಯಾಂಕಿನವರು ಹಳೆಯ ಸ್ಟೇಟ್‌ಮೆಂಟ್ ಕೊಡಲೇಬೇಕು. ಅಪಾರ್ಟ್‌ಮೆಂಟ್ ಆಫೀಸಿಗೆ ಹೋಗಿ ಕರಾರಿನ ಪ್ರತಿ ಕೇಳಿ. ವೀಸಾ ಸಮಯದಲ್ಲಿ ಕೊಟ್ಟಿದ್ದ ದಾಖಲೆಗಳು ನಿಮ್ಮದೇ ಇಮಿಗ್ರೇಶನ್ ಫೈಲಿನಲ್ಲಿವೆ. ಮಾಹಿತಿ ಹಕ್ಕಿನ ಕಾನೂನಿನಡಿ ಆನ್‌ಲೈನ್‌ನಲ್ಲೇ ಕೇಳಬಹುದು. ಜೊತೆಗೆ ನಿಮ್ಮ ಸಂಸಾರ ಕಂಡ ಇಬ್ಬರು ಮೂವರಿಂದ ಪ್ರಮಾಣ ಪತ್ರ ಬರೆಸಿ. "ಇವರು ಒಳ್ಳೆಯ ಜೋಡಿ" ಅಂತ ಬರೆದರೆ ಏನೂ ಪ್ರಯೋಜನ ಇಲ್ಲ. "ದೀಪಾವಳಿಗೆ ಇವರ ಮನೆಗೆ ಊಟಕ್ಕೆ ಹೋಗಿದ್ದೆ, ಅವನು ಪೂರಿ ಕರಿಯುತ್ತಿದ್ದ, ಅವಳು ಲಟ್ಟಿಸುತ್ತಿದ್ದಳು" ಅಂತ ಕಂಡದ್ದನ್ನು ಬರೆಯಬೇಕು, ತಾರೀಕಿನ ಸಮೇತ.

ನಿಮ್ಮದೇ ಹೇಳಿಕೆಯನ್ನು ನೀವೇ ಬರೆಯಿರಿ. ಮೊದಲು ಕನ್ನಡದಲ್ಲಿ ಬರೆಯಿರಿ, ಆಮೇಲೆ ಅನುವಾದ ಮಾಡಿಸಿ. ಸಂಬಂಧ ಹೇಗೆ ಬಂತು, ಯಾರು ನೋಡಲು ಬಂದರು, ಏನು ಇಷ್ಟವಾಯಿತು, ಮೊದಲ ಚಳಿಗಾಲ ಹೇಗಿತ್ತು, ಎಲ್ಲಿ ತಪ್ಪಿತು. ಹಿರಿಯರು ನೋಡಿ ಮಾಡಿದ ಮದುವೆ ಅಂತ ಮುಚ್ಚಿಡಬೇಡಿ. ಅದು ನಮ್ಮ ಪದ್ಧತಿ, ಅದರಲ್ಲಿ ಸುಳ್ಳೇನಿಲ್ಲ. ಎರಡೇ ಸಲ ಭೇಟಿಯಾಗಿ ಯಾಕೆ ಒಪ್ಪಿದಿರಿ ಎಂಬುದು ಅಮೆರಿಕದ ಅಧಿಕಾರಿಗೆ ಗೊತ್ತಿರಲಿಕ್ಕಿಲ್ಲ, ಬಿಡಿಸಿ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ.

ಗಂಡ ಇಮಿಗ್ರೇಶನ್‌ಗೆ ಪತ್ರ ಬರೆದರೆ? ಬರೆಯಬಹುದು, ಅವರು ಓದುತ್ತಾರೆ ಕೂಡ. ಆದರೆ ಬರೀ ಆ ಪತ್ರದಿಂದ ಕಾರ್ಡ್ ಹೋಗುವುದಿಲ್ಲ. ನಿಮಗೆ ಗೊತ್ತಿಲ್ಲದ ಆರೋಪವನ್ನು ಆಧಾರವಾಗಿಟ್ಟು ಅರ್ಜಿ ತಿರಸ್ಕರಿಸುವುದಾದರೆ, ಮೊದಲು ಅದನ್ನು ನಿಮಗೆ ತಿಳಿಸಿ ಉತ್ತರ ಕೊಡಲು ಅವಕಾಶ ಕೊಡಬೇಕು, ನಿಯಮ ಹಾಗಿದೆ. ಇಂಟರ್‌ವ್ಯೂಗೆ ಕರೆಯಬಹುದು. ವಕೀಲರನ್ನು ಕರೆದುಕೊಂಡು ಹೋಗಿ. ಇಂಗ್ಲಿಷ್‌ನಲ್ಲಿ ತಡವರಿಸುತ್ತೇನೆ ಅನ್ನಿಸಿದರೆ ಕನ್ನಡ ದುಭಾಷಿಯನ್ನೂ ಕರೆದೊಯ್ಯಬಹುದು. ಇಲಾಖೆ ತಿರಸ್ಕರಿಸಿತು ಅಂತಲೇ ಇಟ್ಟುಕೊಳ್ಳಿ, ಆಗಲೂ ಇಮಿಗ್ರೇಶನ್ ಜಡ್ಜ್ ಮುಂದೆ ಎಲ್ಲವನ್ನೂ ಮತ್ತೆ ಹೇಳುವ ಹಕ್ಕು ಇದೆ.

ನಿಮ್ಮ ಪತ್ರದಲ್ಲಿ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು. ಪಾಸ್‌ಪೋರ್ಟ್, ಕಾರ್ಡ್ ಎರಡೂ ಅವರ ಹತ್ತಿರ ಇವೆ ಅಂತ ಬರೆದಿದ್ದೀರಿ, ಹಾದಿಯಲ್ಲಿ ಸಿಕ್ಕ ಮಾತಿನ ಹಾಗೆ. ತಾಯಿ, ಅದು ಸಣ್ಣ ವಿಷಯ ಅಲ್ಲ. ನೀವು ಮನೆ ಬಿಟ್ಟು ಬಂದದ್ದು ಯಾಕೆ ಅಂತಲೂ ಬರೆದಿಲ್ಲ. ಹೊಡೆತ ಇತ್ತಾ? ದುಡ್ಡು ಕೊಡದೆ, ಫೋನ್ ಕಿತ್ತುಕೊಂಡು, ದೇಶದಿಂದ ಓಡಿಸುತ್ತೇನೆ ಅಂತ ಹೆದರಿಸುತ್ತಿದ್ದರಾ? ಮೈಮೇಲೆ ಗಾಯ ಇಲ್ಲದಿದ್ದರೂ ಇಂಥದ್ದೆಲ್ಲ ಸೇರಿ ಕ್ರೌರ್ಯ ಅನ್ನಿಸಿಕೊಳ್ಳಬಹುದು. ಆ ಚೌಕದ ಅಡಿ ಅರ್ಜಿ ಹಾಕಲು ಡೈವೋರ್ಸ್ ಡಿಕ್ರಿಯೂ ಬೇಕಿಲ್ಲ. ನೀವು ಹೇಳಿದ್ದನ್ನು ಇಲಾಖೆ ನಿಮ್ಮ ಗಂಡನಿಗೆ ತಿಳಿಸುವಂತಿಲ್ಲ, ಬರೀ ಅವರ ಮಾತು ನಂಬಿ ನಿಮ್ಮ ವಿರುದ್ಧ ನಿರ್ಧಾರ ಮಾಡುವಂತೆಯೂ ಇಲ್ಲ. ಪೊಲೀಸ್ ರಿಪೋರ್ಟ್ ಇರಲೇಬೇಕೆಂದಿಲ್ಲ. ಡಾಕ್ಟರು, ಕೌನ್ಸೆಲರ್, ನಿಮ್ಮ ಆ ಗೆಳತಿ ಹೇಳುವ ಮಾತಿಗೂ ಬೆಲೆ ಇದೆ. ರಾಷ್ಟ್ರೀಯ ಸಹಾಯವಾಣಿ 1-800-799-7233 ದಿನದ ಎಲ್ಲ ಹೊತ್ತೂ ಇರುತ್ತದೆ. ನಮ್ಮ ಕಡೆಯ ಮನೆಗಳ ಒಳಗು ಗೊತ್ತಿರುವ ಸಂಸ್ಥೆಗಳೂ ಇವೆ: ಹ್ಯೂಸ್ಟನ್‌ನಲ್ಲಿ ದಯಾ, ಕ್ಯಾಲಿಫೋರ್ನಿಯಾದಲ್ಲಿ ಮೈತ್ರಿ, ನ್ಯೂಜೆರ್ಸಿಯಲ್ಲಿ 1985ರಿಂದ ಮಾನವಿ, ನ್ಯೂಯಾರ್ಕ್‌ನಲ್ಲಿ ಸಖಿ. ಹೇಳಿಕೊಳ್ಳಲು ನಾಚಿಕೆ ಆಗುತ್ತದೆ, ನನಗೆ ಗೊತ್ತು. ಆದರೂ ವಕೀಲರ ಮುಂದೆ ಪೂರ್ತಿ ಹೇಳಿ.

ಗ್ರೀನ್ ಕಾರ್ಡ್ ಇನ್ನೂ ಬಾರದೆ, ಅರ್ಜಿ ಬಾಕಿ ಇರುವಾಗಲೇ ಮದುವೆ ಮುರಿದವರ ದಾರಿ ಬೇರೆ ಮತ್ತು ಕಠಿಣ. ಅವರಲ್ಲೂ ದೌರ್ಜನ್ಯ ಅನುಭವಿಸಿದವರಿಗೆ ಐ-360 ಎಂಬ ಸ್ವಂತ ಅರ್ಜಿ ಇದೆ. ಡೈವೋರ್ಸ್ ಆಗಿದ್ದರೆ ಎರಡು ವರ್ಷದೊಳಗೆ ಹಾಕಬೇಕು.

ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಗಂಡನದಲ್ಲ. ವಾಪಸ್ ಕೊಡದಿದ್ದರೆ ಪೊಲೀಸರಿಗೆ ತಿಳಿಸಿ ಹೊಸದಕ್ಕೆ ಅರ್ಜಿ ಹಾಕಿ, ಟೆಕ್ಸಸ್‌ನವರಿಗೆ ಹ್ಯೂಸ್ಟನ್‌ನ ಭಾರತೀಯ ಕಾನ್ಸುಲೇಟ್. ಕಾರ್ಡಿಗೆ ಐ-90 ಎಂಬ ಫಾರ್ಮ್ ಹಾಕಿ. ಮತ್ತೆ ವಿಳಾಸ ಬದಲಾದ ಹತ್ತು ದಿನದೊಳಗೆ ಇಮಿಗ್ರೇಶನ್‌ಗೆ ಎಆರ್-11 ಎಂಬ ಫಾರ್ಮ್ ಮೂಲಕ ತಿಳಿಸಬೇಕು. ನೀವು ಮನೆ ಬಿಟ್ಟು ನಾಲ್ಕು ತಿಂಗಳಾಗಿದೆ. ತಿಳಿಸಿಲ್ಲ ಅಂದರೆ ಇವತ್ತೇ ಆನ್‌ಲೈನ್‌ನಲ್ಲಿ ಮಾಡಿ, ಐದು ನಿಮಿಷದ ಕೆಲಸ. ಇಲ್ಲದಿದ್ದರೆ ಇಲಾಖೆಯ ಪತ್ರ ಗಂಡನ ಮನೆಯ ಪೆಟ್ಟಿಗೆಗೆ ಬಂದು ಬೀಳುತ್ತದೆ. ಅದು ನಿಮ್ಮ ಕೈಗೆ ಸೇರುತ್ತದೆ ಎಂಬ ಭರವಸೆ ಏನು?

ಊರಿಗೆ ಹೋಗುವ ಮಾತು. ಅಮ್ಮನ ಮಡಿಲಲ್ಲಿ ನಾಲ್ಕು ದಿನ ಮಲಗಿ ಬರಬೇಕು ಅನ್ನಿಸುವುದು ಸಹಜ. ಎರಡು ಮೂರು ವಾರಕ್ಕೆ ಹೋಗಿ ಬರಬಹುದು, ಆದರೆ ಕಾರ್ಡ್ ಕೈಗೆ ಬಂದು, ಅರ್ಜಿ ಹಾಕಿ, ರಸೀದಿ ಸಿಕ್ಕ ಮೇಲೆ. ಆರು ತಿಂಗಳು ದಾಟಿದರೆ ಇಲ್ಲಿನ ವಾಸದ ಬಗ್ಗೆ ಪ್ರಶ್ನೆ ಏಳುತ್ತದೆ, ವರ್ಷ ದಾಟಿದರೆ ಕಾರ್ಡೇ ಕಷ್ಟಕ್ಕೆ ಬೀಳುತ್ತದೆ. "ಸ್ವಲ್ಪ ದಿನ ಊರಲ್ಲಿರು, ಆಮೇಲೆ ಕರೆಸಿಕೊಳ್ತೀವಿ" ಅಂತ ಗಂಡನ ಕಡೆಯವರು ಟಿಕೆಟ್ ತೆಗೆದುಕೊಟ್ಟರೆ ಹತ್ತಬೇಡಿ. ಹಾಗೆ ಹೋಗಿ ಸಿಕ್ಕಿಹಾಕಿಕೊಂಡವರು ಬಹಳ ಜನ. ವಾಪಸ್ ಬರುವಾಗ ವಿಮಾನ ನಿಲ್ದಾಣದಲ್ಲಿ ಐ-407 ಎಂಬ ಕಾಗದ ಮುಂದಿಟ್ಟು ಸಹಿ ಹಾಕಿ ಅಂದರೆ ಹಾಕಬೇಡಿ. ಅದು ನೀವಾಗಿಯೇ ಗ್ರೀನ್ ಕಾರ್ಡ್ ಬಿಟ್ಟುಕೊಡುವ ಪತ್ರ. ಜಡ್ಜ್ ಮುಂದೆ ಹೇಳುತ್ತೇನೆ ಅನ್ನುವ ಹಕ್ಕು ನಿಮಗಿದೆ.

ಟೆಕ್ಸಸ್ ಡಿಕ್ರಿ ಇಲ್ಲಿ ಸಾಕು. ಆದರೆ ಮುಂದೆ ಕರ್ನಾಟಕದಲ್ಲಿ ಮತ್ತೆ ಮದುವೆ, ಆಸ್ತಿ ಅಂತ ಬಂದಾಗ ಅದು ನಡೆಯುತ್ತಾ ಎಂಬುದನ್ನೂ ಈಗಲೇ ಯೋಚಿಸಿ. ನಮ್ಮ ಸುಪ್ರೀಂ ಕೋರ್ಟ್ 1991ರಲ್ಲಿ ವೈ. ನರಸಿಂಹ ರಾವ್ ಪ್ರಕರಣದಲ್ಲಿ ಇದನ್ನು ವಿವರಿಸಿದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಇಲ್ಲದ ಕಾರಣಕ್ಕೆ ಹೊರದೇಶದ ಕೋರ್ಟು ಕೊಟ್ಟ ಡಿಕ್ರಿಯನ್ನು, ಇಬ್ಬರೂ ಸ್ವಂತ ಇಚ್ಛೆಯಿಂದ ಆ ಕೋರ್ಟಿಗೆ ಒಪ್ಪಿಕೊಂಡು ಡೈವೋರ್ಸ್‌ಗೂ ಒಪ್ಪಿದ್ದರೆ ಮಾತ್ರ ಮಾನ್ಯ ಮಾಡುತ್ತಾರೆ. ಹೊಂದಿಕೆ ಆಗಲಿಲ್ಲ ಎಂಬ ಟೆಕ್ಸಸ್ ಕಾರಣ ನಮ್ಮ ಕಾಯ್ದೆಯಲ್ಲಿಲ್ಲ. ಹಾಗಾಗಿ ಒಪ್ಪಿಗೆಯಿಂದ ಮುಗಿಸುವುದಾದರೆ ಆ ಒಪ್ಪಿಗೆ ಡಿಕ್ರಿಯಲ್ಲೇ ಬರೆದಿರಲಿ. ಮನಸ್ಸಿಗೆ ಸಮಾಧಾನ ಬೇಕಿದ್ದರೆ ಆಮೇಲೆ ಹಾಸನದ ಕೋರ್ಟಿನಲ್ಲಿ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಅಡಿ ಪರಸ್ಪರ ಒಪ್ಪಿಗೆಯ ಅರ್ಜಿಯ ಬಗ್ಗೆ ಅಲ್ಲಿನ ವಕೀಲರನ್ನು ಕೇಳಿ. ಅಲ್ಲಿನ ಆರು ತಿಂಗಳ ಕಾಯುವಿಕೆಯನ್ನು ಕೋರ್ಟು ಬಿಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಿರಿಯರು ಕೂತು ಛಾಪಾ ಕಾಗದದ ಮೇಲೆ ಬರೆದ ಬಿಡುಗಡೆ ಪತ್ರವನ್ನು ಡಿಕ್ರಿ ಅಂತ ಇಮಿಗ್ರೇಶನ್‌ಗೆ ಕಳಿಸಲು ಹೋಗಬೇಡಿ.

ಇನ್ನೆರಡು ಮಾತು ಬೇಗ ಹೇಳಿಬಿಡುತ್ತೇನೆ. ಸಿಟಿಜನ್‌ಶಿಪ್‌ಗೆ ನೀವು ಸಾಮಾನ್ಯವಾಗಿ ಮೂರು ವರ್ಷದ ಬದಲು ಐದು ವರ್ಷ ಕಾಯಬೇಕು. ಈ ಎರಡು ವರ್ಷವೂ ಅದರಲ್ಲಿ ಸೇರುತ್ತದೆ. ನಿಮ್ಮನ್ನು ಕರೆಸುವಾಗ ಗಂಡ ಸಹಿ ಹಾಕಿದ ಐ-864 ಎಂಬ ಕರಾರಿದೆ. ನಿಮ್ಮ ಆದಾಯ ಬಡತನ ರೇಖೆಯ 125 ಶೇಕಡಾಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಳ್ಳುತ್ತೇನೆ ಎಂಬ ಭಾಷೆ ಅದು. ಡೈವೋರ್ಸ್ ಆದರೂ ಅದು ಮುಗಿಯುವುದಿಲ್ಲ. ನಿಮ್ಮ ಡೈವೋರ್ಸ್ ವಕೀಲರಿಗೆ ಇದನ್ನು ನೆನಪಿಸಿ. ಕುಟುಂಬ ವಕೀಲರು ಬಹಳ ಸಲ ಇದನ್ನು ನೋಡುವುದೇ ಇಲ್ಲ.

ಒಡವೆ ಬಿಟ್ಟುಕೊಟ್ಟು ಸಹಿ ತೆಗೆದುಕೊಳ್ಳುವ ವ್ಯಾಪಾರಕ್ಕೆ ಇಳಿಯಬೇಡಿ. ಆ ಸಹಿ ನಿಮಗೆ ಬೇಕೇ ಇಲ್ಲ. ದುಡ್ಡು ಕೊಟ್ಟು ಸಹಿ ಹಾಕಿಸಿ, ಒಟ್ಟಿಗೇ ಇದ್ದೇವೆ ಅಂತ ಸುಳ್ಳು ಬರೆದರೆ, ನಿಜವಾದ ಮದುವೆಯನ್ನು ನೀವೇ ಕೈಯಾರೆ ಸುಳ್ಳು ಮಾಡಿದ ಹಾಗೆ. ನಿಮ್ಮ ತವರಿನವರು ಹಾಕಿದ ಒಡವೆ ಸ್ತ್ರೀಧನ, ಅದನ್ನು ಕೇಳುವ ಹಕ್ಕೂ ಬೇರೆಯದೇ.

ಇವತ್ತು ರಾತ್ರಿ ಅಮ್ಮ ಫೋನ್ ಮಾಡಿದಾಗ ಈ ಪತ್ರ ಓದಿ ಹೇಳಿ. ಆಮೇಲೆ ನಿಮ್ಮ ಮದುವೆಯ ಆಲ್ಬಂ ಮತ್ತು ಲಗ್ನಪತ್ರಿಕೆಯನ್ನು, ಮದುವೆ ನೋಂದಣಿ ಪತ್ರದ ಇನ್ನೊಂದು ಪ್ರತಿಯನ್ನು ಕೊರಿಯರ್ ಮಾಡಲು ಕೇಳಿ. ವಿಳಾಸ ಗೆಳತಿಯ ಮನೆಯದು ಕೊಡಿ.